ಬೆಳಕು ನೋಡುವ ಫೋಟೊ

"ಇವರಿಬ್ಬರೂ ಒಬ್ಬರೇನಾ ಅಕ್ಕ?"

ಚಿಕ್ಕವಳು ಓದಿದ್ದು ಸ್ಕ್ರೀನಿನ ಮೇಲಿದ್ದ ಪ್ರಶ್ನೆಯನ್ನೇ. ಎಡಗಡೆ ಒಂದು ಮುಖ, ಬಲಗಡೆ ಒಂದು ಮುಖ, ಕೆಳಗೆ 'ಹೌದು', 'ಅಲ್ಲ' ಎಂಬ ಎರಡು ಗುಂಡಿಗಳು. ದೊಡ್ಡವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನೋಡಿದಳು. ಎಡಗಡೆಯವನು ಈಜು ಕಲಿಸುವ ಮೇಷ್ಟ್ರು. ಬಲಗಡೆಯವನಿಗೆ ಮೀಸೆ ಇತ್ತು.

"ಅಣ್ಣ ತಮ್ಮ," ಅಂದಳು. "ಮೀಸೆಯವನು ತಮ್ಮ. ಅವನ ಕಿವಿ ನೋಡು, ಕೆನ್ನೆಗೆ ಅಂಟಿಕೊಂಡ ಹಾಗಿದೆ."

"ಅಬ್ಬ, ಇದನ್ನೆಲ್ಲ ಹೇಗೆ ನೆನಪಿಟ್ಕೋತೀರೋ," ಎನ್ನುತ್ತ ಚಿಕ್ಕವಳು 'ಅಲ್ಲ' ಒತ್ತಿದಳು. ಹೊಗಳಿಕೆಯೇ. ಆದರೆ ಹಳೆಯ ಗೋಡೆ ಗಡಿಯಾರವೊಂದು ಇನ್ನೂ ನಡೆಯುತ್ತಿದೆಯಲ್ಲ ಎಂದು ಹೊಗಳಿದಂತೆ ದೊಡ್ಡವಳಿಗೆ ಕೇಳಿಸಿತು.

ಅಣ್ಣತಮ್ಮಂದಿರ ಸ್ಟುಡಿಯೊ ಅದು. ಮುಂದೆ ಗಾಜಿನ ಬಾಗಿಲಿನ ಅಂಗಡಿ, ಅದರ ಹಿಂದೆ ಕಂಪ್ಯೂಟರಿನ ಕೋಣೆ, ಅದರಾಚೆ ಕಪ್ಪು ಪರದೆ, ಪರದೆಯ ಹಿಂದೆ ಫೋಟೊ ತೆಗೆಯುವ ಜಾಗ. ದೊಡ್ಡವಳ ಗಂಡ ಫೋಟೊ ತೆಗೆಯುತ್ತಿದ್ದ. ಮೈದುನ, ಚಿಕ್ಕವಳ ಗಂಡ, ಪ್ರಿಂಟು ತೆಗೆದು ಕಟ್ಟು ಹಾಕುತ್ತಿದ್ದ. ಅತ್ತೆ ಕೌಂಟರಿನಲ್ಲಿ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೊಗಳನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು. ಕತ್ತರಿಸುವ ಯಂತ್ರ ತಂದುಕೊಟ್ಟರೆ ಅದರ ಮೇಲೆ ಚೀಲ ಇಡಲು ಶುರು ಮಾಡಿದ್ದಳು. ದೊಡ್ಡವಳದು ಹುಡುಕುವ ಕೆಲಸ.

ಯಾರಾದರೂ ಬಂದು, "ಹಿಂದೆ ಒಂದ್ಸಲ ಮನೆಯವರೆಲ್ಲ ನಿಂತು ತೆಗೆಸಿದ್ವಿ, ಇನ್ನೊಂದು ಪ್ರತಿ ಬೇಕಿತ್ತು" ಅಂದರೆ ಅವಳು ವರ್ಷ ಕೇಳುತ್ತಿರಲಿಲ್ಲ. "ಆವತ್ತು ಏನಾಯ್ತು?" ಎಂದು ಕೇಳುತ್ತಿದ್ದಳು. ಬಂದವರು ತಲೆ ಕೆರೆದುಕೊಂಡು, ಆವತ್ತು ನಮ್ಮ ಮಾವನಿಗೆ ಕೂತಲ್ಲೇ ನಿದ್ದೆ ಬಂದಿತ್ತು ಎಂದರೆ ಸಾಕು. ಅವಳ ಫೋಲ್ಡರುಗಳ ಹೆಸರೇ ಹಾಗೆ: 'ಕರೆಂಟು ಹೋದದ್ದು', 'ನಿದ್ದೆಯ ಮಾವ', 'ಬಟ್ಟೆ ಬದಲಿಸಿ ಮತ್ತೆ ಬಂದವರು'. 'ಜಗಳ' ಎಂದು ಶುರುವಾಗುವವೇ ಒಂದು ಉದ್ದನೆಯ ಸಾಲು. ಗಂಡ ಗಿರಾಕಿಗಳ ಮುಂದೆ, "ನಮ್ಮಂಗಡಿ ಇರೋದು ಇವಳ ತಲೇಲಿ. ಶಟರ್ ಎಳೆಯೋದು ಸುಮ್ನೆ, ನೋಡೋರಿಗೆ" ಎನ್ನುತ್ತಿದ್ದ. ಆ ಮಾತನ್ನು ಅವಳು ಒಡವೆಯ ಹಾಗೆ ಜೋಪಾನ ಮಾಡಿದ್ದಳು.

ಅವನಿಗಂತೂ ಯಾರ ಮುಖವೂ ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ಕೈ ಮುಗಿದು, ನಾಲ್ಕು ಹೆಜ್ಜೆ ಹೋದ ಮೇಲೆ "ಯಾರದು?" ಎಂದು ಹೆಂಡತಿಯನ್ನು ಕೇಳುವವನು. ಇಂಥವರು, ಹಲ್ಲಿನ ಡಾಕ್ಟರು ಎಂದರೆ, "ಓ, ಆ ಪೂರ್ವದ ಕಿಟಕಿ ಬೆಳಕಿನವರು" ಎನ್ನುತ್ತಿದ್ದ.

ಈಜು ಮೇಷ್ಟ್ರೇ ಎಲ್ಲಕ್ಕೂ ಮೂಲ. ತನ್ನ ಶಿಷ್ಯರು ಗೆದ್ದು ಬಂದ ದಿನದ ಫೋಟೊ ಬೇಕೆಂದು ಬಂದಿದ್ದ. ದೊಡ್ಡವಳು ಎರಡು ದಿನ ಹುಡುಕಿದಳು. ಕೊನೆಗೆ, "ಆವತ್ತು ನಮ್ಮವರು ತೆಗೆದೇ ಇಲ್ಲ" ಅಂದಳು. ಹೇಳುವಾಗ ಅದು ನಿಜ ಎಂದೇ ಅವಳಿಗೆ ಅನಿಸಿತ್ತು. ಮೇಷ್ಟ್ರು ವಾದ ಮಾಡದೆ ಹೊರಟುಹೋದ. ಅದನ್ನು ಕೇಳಿಸಿಕೊಂಡಿದ್ದ ಚಿಕ್ಕವಳು ತನ್ನ ಲ್ಯಾಪ್‌ಟಾಪಿನಲ್ಲಿ ಯಾವುದೋ ಸಾಫ್ಟ್‌ವೇರು ಹಾಕಿ ಹುಡುಕಿದಳು. 'ಛತ್ರಿ ಮುರಿದದ್ದು' ಎಂಬ ಫೋಲ್ಡರಿನಲ್ಲಿ ಮೇಷ್ಟ್ರು ಗೆದ್ದ ಕಪ್ ಹಿಡಿದು ನಗುತ್ತಿದ್ದ. ಆವತ್ತು ಗಾಳಿಗೆ ಗಂಡ ಬೆಳಕು ಹರಡಲು ಇಡುವ ಬಿಳಿ ಛತ್ರಿ ಮುರಿದಿತ್ತು; ಅವಳಿಗೆ ಛತ್ರಿ ನೆನಪಿತ್ತು, ಮೇಷ್ಟ್ರನ್ನು ಮರೆತಿದ್ದಳು.

ಗಂಡ ಬೈದಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೆ ಚಿಕ್ಕವಳ ಕಡೆ ತಿರುಗಿ, "ಇಂಥವು ಏನೇನಿವೆಯೋ ನೋಡಿ ಒಂದು ಆರಿಸಮ್ಮ. ನಿಂಗೆ ತಿಳಿಯುತ್ತೆ" ಎಂದ.

ತಮ್ಮನ ಕೈ ಹಿಡಿದು ಬರುವ ಮುಂಚೆ ಚಿಕ್ಕವಳು ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇಗಳನ್ನು ಜೋಡಿಸಿಡುವ ಕೆಲಸದಲ್ಲಿದ್ದಳು. "ಅಲ್ಲಿ ಮುಖಾನೇ ಇರ್ತಿರ್ಲಿಲ್ಲ ಅಕ್ಕ, ಬರೀ ಮೂಳೆ. ಹೆಸರು ತಪ್ಪಿದ್ರೆ ಯಾರ್ದೋ ಕಾಲಿಗೆ ಯಾರ್ದೋ ಪಟ್ಟಿ," ಎಂದು ನಗುತ್ತಿದ್ದಳು. ಅವಳು ಮೂರು ಸಾಫ್ಟ್‌ವೇರುಗಳನ್ನು ಆರಿಸಿ ತಂದಳು. ಮೂರಕ್ಕೂ ಸ್ವಲ್ಪ ಸ್ವಲ್ಪ ದಿನ ಪುಕ್ಕಟೆ ಪರೀಕ್ಷೆ.

"ಗಂಡು ನೋಡೋದು ಅನ್ನು," ಎಂದಳು ಅತ್ತೆ, ಕತ್ತರಿ ಆಡಿಸುತ್ತ. "ಮೊದಲನೇ ಗಂಡಿನ ಗುಣ ಏನು?"

"ಅದು ತಿಂಗಳು ತಿಂಗಳು ಬಾಡಿಗೆ ಕೇಳುತ್ತೆ ಅತ್ತೆ. ಫೋಟೊ ಎಲ್ಲ ಎಲ್ಲೋ ದೂರ ತಗೊಂಡೋಗಿ ಇಟ್ಕೊಳ್ಳುತ್ತೆ."

"ಹೆಣ್ಣನ್ನೂ ಕರ್ಕೊಂಡು ಹೋಗಿ ಬಾಡಿಗೇನೂ ಕೇಳ್ತಾನಾ? ಬೇಡ. ಎರಡನೇದು?"

"ಪುಕ್ಕಟೆ. ಆದ್ರೆ ಎಲ್ಲಾ ನಾವೇ ಬರೀಬೇಕು. ಪ್ರತಿ ಫೋಟೊಗೂ."

"ಸೋಮಾರಿ. ಕೂತಲ್ಲಿಗೆ ಬಡಿಸಬೇಕು. ಮೂರನೇದು?"

"ಇದು ಒಂದೇ ಸಲ ದುಡ್ಡು, ನಮ್ಮ ಕಂಪ್ಯೂಟರಿನಲ್ಲೇ ಇರುತ್ತೆ, ಮುಖ ನೋಡಿ ಗುರುತು ಹಿಡಿಯುತ್ತೆ. ಒಂದೇ ತೊಂದರೆ, ಮೊದಮೊದಲು ಕೇಳ್ತಾನೇ ಇರುತ್ತೆ. ಯಾರಿದು, ಯಾರಿದು ಅಂತ."

"ಮನೆ ಅಳಿಯ," ಎಂದು ಅತ್ತೆ ತೀರ್ಪು ಕೊಟ್ಟಳು. "ಕೇಳಿದ್ರೆ ಕೇಳ್ಲಿ ಬಿಡು. ಹೇಳೋಕೆ ದೊಡ್ಡವಳಿದಾಳೆ."

ಹೀಗೆ ಅವಳು ಕೂತಳು, ತನ್ನ ಕೆಲಸವನ್ನು ತಾನೇ ಅದಕ್ಕೆ ಕಲಿಸಿಕೊಡಲು. ಇವರು ಯಾರು ಎಂದು ಅದು ಕೇಳುವುದು, ಇವಳು ಹೇಳುವುದು, ಚಿಕ್ಕವಳು ಬೆರಳಿನಲ್ಲಿ ಟಪಟಪ ಹೊಡೆಯುವುದು. ಒಂದೊಂದು ಹೆಸರು ಹೇಳಿದಾಗಲೂ ಒಳಗಿನಿಂದ ಒಂದೊಂದು ಸಾಮಾನು ಹೊರಗೆ ಹೋದಂತಾಗುತ್ತಿತ್ತು. ಎಲ್ಲ ಹೋದ ಮೇಲೆ ಈ ಅಂಗಡಿಯಲ್ಲಿ ತಾನು ಯಾರು? ಅಡುಗೆ ಮನೆಯಲ್ಲಿ ಹೆಂಡತಿ ಸರಿ. ಇಲ್ಲಿ? ಗಿರಾಕಿ ಬಂದಾಗ ಗಂಡ ಯಾರ ಕಡೆ ತಿರುಗುತ್ತಾನೆ? ಅವಳ ಎದೆಯಲ್ಲಿ ಆ ತಿರುಗುವಿಕೆ ಈಗಾಗಲೇ ನಡೆದುಹೋಗಿತ್ತು.

ಹಾಗೆ ನೋಡಿದರೆ ಅದು ಶುರುವಾದದ್ದು ಸಾಫ್ಟ್‌ವೇರಿನಿಂದಲ್ಲ, ಬೂದು ರಟ್ಟಿನಿಂದ. ಯಾರದೇ ಫೋಟೊ ತೆಗೆಯುವ ಮುಂಚೆ ಗಂಡ ಬೆಳಕು ನೋಡುತ್ತಿದ್ದ. ಗಿರಾಕಿ ಕೂರುವ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಗಲ್ಲದ ಕೆಳಗೆ ಅಂಗೈಯಗಲದ ಬೂದು ಬಣ್ಣದ ರಟ್ಟು ಹಿಡಿಸಿ, ಒಂದು ಫೋಟೊ. ಬಣ್ಣ ಸರಿಯಾಗಿ ಬರುತ್ತದೋ ಇಲ್ಲವೋ ಅದರಿಂದ ತಿಳಿಯುತ್ತದೆ. ಮದುವೆಯಾದಾಗಿನಿಂದ ಆ ಜಾಗದಲ್ಲಿ ಕೂತವಳು ದೊಡ್ಡವಳು. ಮದುಮಗಳ ಕುರ್ಚಿ, ಹೆಡ್‌ಮಾಸ್ಟರ ಕುರ್ಚಿ, ಇಂದು ನಾಳೆ ನಿವೃತ್ತರಾಗುವವರ ಕುರ್ಚಿ, ಎಲ್ಲದರಲ್ಲೂ ಮೊದಲು ಅವಳು. "ಗಲ್ಲ ಸ್ವಲ್ಪ ಮೇಲೆ," ಎನ್ನುತ್ತಿದ್ದ ಅವನು, ತಗ್ಗಿದ ದನಿಯಲ್ಲಿ. ಹುಡುಕುವ ಕೆಲಸ ಹೆಚ್ಚಾದ ಮೇಲೆ, "ನೀನು ಒಳಗೇ ಇರು, ನಿನ್ನ ಬಿಟ್ರೆ ಯಾರಿಗೂ ಸಿಗಲ್ಲ" ಅಂದಿದ್ದ. ಬಡ್ತಿ ಸಿಕ್ಕಿತೆಂದು ಅವಳು ಎದ್ದು ಬಂದಿದ್ದಳು. ಆ ಜಾಗದಲ್ಲಿ ಚಿಕ್ಕವಳು ಕೂತಳು.

ಕಪ್ಪು ಪರದೆ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕಂಪ್ಯೂಟರಿನ ಮುಂದಿನಿಂದ ನೋಡಿದರೆ ಅದರ ಕೆಳಗೆ ಎರಡು ಜೊತೆ ಪಾದ ಕಾಣುತ್ತಿದ್ದವು. ಒಂದು ಜೊತೆ ಕುರ್ಚಿ ಇಟ್ಟ ಕಟ್ಟೆಯ ಮೇಲೆ ಜೋಡಿಸಿಟ್ಟದ್ದು, ಇನ್ನೊಂದು ಹಿಂದೆ ಮುಂದೆ ಆಡುವುದು. "ಗಲ್ಲ ಸ್ವಲ್ಪ ಮೇಲೆ." ಅದೇ ಮಾತು, ಅದೇ ತಗ್ಗಿದ ದನಿ. ಅವಳು ಮೌಸ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಕೆಟ್ಟದ್ದೇನೂ ಇಲ್ಲ ಎಂದು ಗೊತ್ತಿತ್ತು. ಗೊತ್ತಿರುವುದಕ್ಕೂ ಹೊಟ್ಟೆಯೊಳಗಿನ ಉರಿಗೂ ಸಂಬಂಧವೇ ಇರಲಿಲ್ಲ.

ಮೂರನೆಯದರ ಪರೀಕ್ಷೆ ನಡೆಯುತ್ತಿದ್ದಾಗ ಆ ಬೂದು ರಟ್ಟಿನ ಫೋಟೊಗಳೂ ಮೇಲೆ ಬರತೊಡಗಿದವು. ಪ್ರತಿ ಫೋಲ್ಡರಿನ ಮೊದಲ ಚಿತ್ರ ಅದೇ. ದೊಡ್ಡವಳು ಇಷ್ಟು ವರ್ಷವೂ ಅದನ್ನು ನೋಡದೆ ಎರಡನೆಯದಕ್ಕೆ ಹೋಗುತ್ತಿದ್ದಳು, ಚಪ್ಪಲಿ ಬಿಟ್ಟು ಒಳಗೆ ಹೋದಂತೆ. ಅಳಿಸಬೇಕೆಂದೂ ಹೊಳೆದಿರಲಿಲ್ಲ.

"ಇವೆಲ್ಲ ಏನಕ್ಕ, ಕೈದಿಗಳ ಥರ ರಟ್ಟು ಹಿಡ್ಕೊಂಡು?" ಎಂದು ಚಿಕ್ಕವಳು ನಕ್ಕಳು. "ನಂದೂ ಇದೆ ನೋಡಿ."

ಕೌಂಟರಿನಿಂದ ಅತ್ತೆ, "ನೀವೇ ಪುಣ್ಯವಂತರು," ಅಂದಳು. "ನಿಮ್ಮ ಮಾವನ ಕಾಲದಲ್ಲಿ ನಾನೇ ಕೂರ್ತಿದ್ದೆ. ಆಗ ಫಿಲ್ಮು. ಕೂರಿಸಿ, ಬೆಳಕಿನ ಅಳತೆ ನೋಡಿ, 'ಏಳು' ಅಂತಿದ್ರು. ಒಂದೂ ಒತ್ತಲಿಲ್ಲ ಪುಣ್ಯಾತ್ಮ. ಫಿಲ್ಮು ದಂಡ ಅಂತ."

ಅಷ್ಟರಲ್ಲಿ ಕಟ್ಟು ಹಾಕಿಸಲು ಯಾರೋ ಬಂದರು. ಚಿಕ್ಕವಳು ಎದ್ದು ಹೋದಳು. ಸ್ಕ್ರೀನಿನಲ್ಲಿ ಹೊಸ ಪ್ರಶ್ನೆ ಬಂತು. ಎಡಗಡೆ ಚಿಕ್ಕವಳು, ಹೋದ ತಿಂಗಳಿನವಳು, ಗಲ್ಲದ ಕೆಳಗೆ ಬೂದು ರಟ್ಟು. ಬಲಗಡೆಯೂ ಬೂದು ರಟ್ಟು, ಮುಖದ್ದೂ ಅದೇ ಓರೆ, ಹೆಗಲ ಮೇಲೆ ದಪ್ಪ ಜಡೆ. ತನ್ನನ್ನು ತಾನು ಗುರುತಿಸಲು ದೊಡ್ಡವಳಿಗೆ ಒಂದು ಗಳಿಗೆ ಬೇಕಾಯಿತು. 'ಇವರಿಬ್ಬರೂ ಒಬ್ಬರೇ?'

ಅವಳು ಬಾಗಿಲ ಕಡೆ ನೋಡಿದಳು. ಭಾನುವಾರ ಗಂಡ ಬಂದು ಈ ಕುರ್ಚಿಯಲ್ಲಿ ಕೂರುತ್ತಾನೆ, ಕೊಳ್ಳುವುದೋ ಬಿಡುವುದೋ ನೋಡಲು. ತಮ್ಮನ ಹೆಂಡತಿಯ ಹೆಸರಿನಡಿ ತನ್ನ ಹೆಂಡತಿಯ ಮುಖ ಕಾಣುತ್ತದೆ. ನಗುತ್ತಾನೆ. ಮನೆಯವರನ್ನೇ ಗುರುತಿಸದ ಈ ದರಿದ್ರ ನಮಗೆ ಯಾಕೆ ಎನ್ನುತ್ತಾನೆ. ಹಾಲು ಎಷ್ಟಿದ್ದರೇನು, ಒಂದು ತೊಟ್ಟು ಹುಳಿ ಸಾಕು. ಅವನು ನೋಡಿದ ಕೂಡಲೇ, ಏ ಇದು ನೀನಲ್ಲವೇನೇ ಎಂದು ತಿರುಗಿ ಕೇಳುವುದು ಅವಳ ಕಿವಿಗೆ ಆಗಲೇ ಕೇಳಿಸಿತು.

'ಹೌದು' ಒತ್ತಿದಳು. ಮುಖಗಳು ಮಾಯವಾದವು. ಇದೇ ಥರದ ಇನ್ನಷ್ಟು ಚಿತ್ರಗಳನ್ನು ಈ ಹೆಸರಿಗೆ ಸೇರಿಸಲಾಗಿದೆ ಎಂಬ ಸಾಲು ಬಂದು ಹೋಯಿತು. ಆ ಒಂದು ಮುಖದ ಹಿಂದೆ ರಾಶಿಯೇ ಕಾದು ನಿಂತಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಶಟರನ್ನು ಅರ್ಧ ಎಳೆದು ಎಲ್ಲರೂ ಕಂಪ್ಯೂಟರಿನ ಕೋಣೆಗೆ ಬಂದರು. ಗಂಡ ಕುರ್ಚಿಯಲ್ಲಿ ಕೂತು, ಹತ್ತಿರದ್ದನ್ನು ನೋಡುವಾಗ ಯಾವಾಗಲೂ ಮಾಡುವಂತೆ, ಕನ್ನಡಕವನ್ನು ಹಣೆಗೇರಿಸಿದ. ಚಿಕ್ಕವಳು ಈಜು ಮೇಷ್ಟ್ರ ಹೆಸರು ಹೊಡೆದಳು. ಮೇಷ್ಟ್ರು ನೀರಿನಿಂದ ಎದ್ದವನಂತೆ ಸಾಲುಸಾಲಾಗಿ ಬಂದ. ಅತ್ತೆ ಕತ್ತರಿ ಹಿಡಿದೇ ಬಾಗಿಲಲ್ಲಿ ನಿಂತು, "ಪರವಾಗಿಲ್ಲ ಅಳಿಯ," ಅಂದಳು.

"ನೀವೇ ಯಾರದಾದ್ರೂ ಒತ್ತಿ ನೋಡಿ ಭಾವ."

ಅವನು ಮೊದಲಿಗೆ ಇದ್ದ ಮುಖವನ್ನೇ ಒತ್ತಿದ. ಎಲ್ಲರಿಗಿಂತ ಹೆಚ್ಚು ಫೋಟೊ ಇದ್ದವರು ಮೊದಲು ಬರುತ್ತಿದ್ದರು. ಚಿಕ್ಕವಳ ಹೆಸರು. ಪುಟ ತುಂಬ ಬೂದು ರಟ್ಟುಗಳು. ದೊಡ್ಡವಳು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅವನು ಕೆಳಕೆಳಗೆ ಹೋದ. ಈ ವರ್ಷ, ಹೋದ ವರ್ಷ, ಅದಕ್ಕೂ ಹಿಂದೆ. ಬಟ್ಟೆ ಬದಲಾದವು, ಜಡೆ ದಪ್ಪವಾಯಿತು, ಅವನು ಹೋಗುತ್ತಲೇ ಇದ್ದ. ಒಂದು ಕಡೆ ನಿಂತ. ಆ ಚಿತ್ರವನ್ನು ದೊಡ್ಡದು ಮಾಡಿದ.

ಯಾವುದೋ ಶಾಲೆಯ ಜಗುಲಿ. ಬೆಳಗಿನ ಬಿಸಿಲು. ಹೆಡ್‌ಮಿಸ್ಟ್ರೆಸ್ ಬರುವುದು ತಡವಾಗಿ, ದೊಡ್ಡವಳು ರಟ್ಟು ಹಿಡಿದು ಬಹಳ ಹೊತ್ತು ಕೂತಿದ್ದ ದಿನ ಅದು. ಗಾಳಿಗೆ ಕೂದಲು ಬಾಯಿಗೆ ಬಂದು, ಕೈ ಖಾಲಿ ಇಲ್ಲದೆ ಅದನ್ನು ಊದಿ ಸರಿಸುತ್ತ ಅವಳು ನಗುತ್ತಿದ್ದಳು. ನಗುತ್ತಿದ್ದದ್ದು ಅವನ ಮಾತಿಗೆ. ಏನು ಮಾತೆಂದು ಅವಳಿಗೆ ಇನ್ನೂ ನೆನಪಿತ್ತು.

"ನೋಡಿಲ್ಲಿ," ಎಂದ ಅವನು.

ಅವಳು ಸ್ಕ್ರೀನಿನ ಕಡೆಗೆ ಬಾಗಿದಳು.

"ಎಂಥ ಬೆಳಕು. ಪಕ್ಕದಿಂದ ಬಂದು ಗಲ್ಲದ ಕೆಳಗೆ ಹೇಗೆ ಕೂತಿದೆ ನೋಡಿ." ಚಿಕ್ಕವಳ ಕಡೆ ತಿರುಗಿದ. "ಇದು ಎಲ್ಲಿ ತೆಗೆದದ್ದಮ್ಮ, ನೀನು ಕೂತಿದ್ಯಲ್ಲ?"

ಅತ್ತೆಯ ಕೈಯ ಕತ್ತರಿ ಬಾಯಿ ತೆರೆದುಕೊಂಡೇ ಇತ್ತು.

"ಅದು ನಾನಲ್ಲ ಭಾವ," ಎಂದಳು ಚಿಕ್ಕವಳು. "ಅಕ್ಕ."

ಅವನು ಕನ್ನಡಕವನ್ನು ಮೂಗಿಗೆ ಇಳಿಸಿದ. ನೋಡಿದ. "ಹೌದಲ್ಲ," ಎಂದ. ಸ್ವಲ್ಪ ಹೊತ್ತಾದ ಮೇಲೆ, "ನಾನು ಬೆಳಕು ನೋಡ್ತಿದ್ದೆ" ಎಂದ.

"ಹೆಂಡ್ತೀನ ನೋಡೋಕೆ ಕನ್ನಡಕ ಬೇಕು ನಿಂಗೆ," ಎಂದಳು ಅತ್ತೆ. ನಗಬೇಕಾದ ಮಾತು. ಮೈದುನನೊಬ್ಬನೇ ಅರ್ಧ ನಕ್ಕು, ಉಳಿದವರು ನಗದ್ದನ್ನು ಕಂಡು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಇದೂ ಬೇಡ ಬಿಡಿ," ಅಂದ. "ಮನೆಯವರನ್ನೇ ಅದಲು ಬದಲು ಮಾಡಿದ್ದು ಗಿರಾಕಿಗಳನ್ನ ಬಿಡುತ್ತಾ?"

ಇದೇ ಮಾತು ದೊಡ್ಡವಳಿಗೆ ಬೇಕಾಗಿದ್ದದ್ದು. ಯಾರದೋ ಬಾಯಲ್ಲಿ, ಯಾವುದೋ ಹೊತ್ತಿನಲ್ಲಿ ಬಂದಿತ್ತು.

ಚಿಕ್ಕವಳು ಒಮ್ಮೆ ಅವಳ ಮುಖ ನೋಡಿದಳು. ಒಮ್ಮೆಯೇ. ಆಮೇಲೆ ಮೌಸ್ ಸರಿಸುತ್ತ, "ಇದರ ತಪ್ಪಲ್ಲ. ನಾನೇ ಒತ್ತಿರಬೇಕು, ಗಡಿಬಿಡೀಲಿ" ಅಂದಳು. ಇಷ್ಟು ಹಗುರವಾಗಿ ಇನ್ನೊಬ್ಬರದನ್ನು ಹೆಗಲಿಗೆ ಹಾಕಿಕೊಳ್ಳಬಲ್ಲವಳನ್ನು ಕಂಡು ದೊಡ್ಡವಳ ಹೊಟ್ಟೆ ಇನ್ನೊಂದು ಸಲ ಉರಿಯಿತು. ಅದೂ ಚಿಕ್ಕವಳಿಗೆ ಬರುತ್ತದೆ.

"ನೀನೇನಂತೀಯ?" ಗಂಡ ಕೇಳಿದ, ತಿರುಗದೆ. ಶಾಲೆಯ ಜಗುಲಿ ಇನ್ನೂ ಸ್ಕ್ರೀನಿನ ಮೇಲಿತ್ತು.

"ಇದೇ ಇರಲಿ," ಎಂದಳು ದೊಡ್ಡವಳು. "ಮುಖ ನಾನು ಬೇರೆ ಮಾಡಿ ಕೊಡ್ತೀನಿ."

ಕೂಡಿಸಿದಷ್ಟು ಸುಲಭವಾಗಿರಲಿಲ್ಲ ಬೇರೆ ಮಾಡುವುದು. ಒಂದು ಗುಂಡಿಯಲ್ಲಿ ಆದದ್ದನ್ನು ಒಂದೊಂದೇ ಚಿತ್ರ ಹಿಡಿದು ಬಿಡಿಸಬೇಕಿತ್ತು. ಇದು ಅವಳಲ್ಲ, ಇದು ಅವಳಲ್ಲ. ಕೆಲವು ದಿನ ಅವಳೊಬ್ಬಳೇ ಕೂತಳು. ಆಮೇಲೆ ಚಿಕ್ಕವಳು ಕರೆಯದೆಯೇ ಬಂದು ಪಕ್ಕದ ಸ್ಟೂಲಿನಲ್ಲಿ ಕೂರತೊಡಗಿದಳು. ಒತ್ತಿದ್ದು ಯಾರು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಂದು ಮಧ್ಯಾಹ್ನ ದೊಡ್ಡವಳು ಸ್ಕ್ರೀನಿನಿಂದ ಕಣ್ಣು ತೆಗೆಯದೆ ಕೇಳಿದಳು:

"ರಟ್ಟು ಹಿಡಿದು ಕೂತಾಗ ನಿಂಗೆ ಏನು ಹೇಳ್ತಾರೆ?"

"ಯಾರು, ಭಾವನಾ? ಏನೂ ಇಲ್ಲ. ಗಲ್ಲ ಮೇಲೆ ಅಂತಾರೆ. ಅಲ್ಲಾಡಬೇಡ ಅಂತಾರೆ."

"ಅಷ್ಟೇನಾ?"

"ಅಷ್ಟೇ." ಚಿಕ್ಕವಳು ಉಗುರಿನಿಂದ ಮೇಜಿನ ಅಂಚು ಕೆರೆದಳು. "ನಿಮ್ಮ ಹೆಸರು ಹಿಡಿದು ಕರೀತಾರೆ. ಮೊದಮೊದಲು ಅಕ್ಕ ಅಲ್ಲ ಭಾವ, ನಾನು ಅಂತ ತಿದ್ದುತ್ತಿದ್ದೆ. ಈಗ ಬಿಟ್ಟಿದೀನಿ. ನಿಮಗೇನು ಬಿಡಿ, ಮೂಲ ಪ್ರತಿ."

ತಮಾಷೆಗೇ ಅಂದಿದ್ದಳು. ಆದರೆ ಕೊನೆಯ ಮಾತಿನ ಮೊನೆ ಎಲ್ಲಿಂದ ಬಂದದ್ದೆಂದು ದೊಡ್ಡವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಮನೆಯದೇ ಚಾಕು, ಬೇರೆಯವರ ಅಡುಗೆ ಮನೆಯಲ್ಲಿ ಕಂಡಂತೆ. ಅವಳು ಮೊದಲ ಸಲ ಓರಗಿತ್ತಿಯ ಮುಖವನ್ನು ನೆಟ್ಟಗೆ ನೋಡಿದಳು. ಎಡ ಹುಬ್ಬಿನ ಕೊನೆಯಲ್ಲಿ ಸಣ್ಣ ಗಾಯದ ಗೆರೆ ಇತ್ತು. ಇಷ್ಟು ದಿನ ಕಂಡಿರಲಿಲ್ಲ.

"ಈ ಗೆರೆ ಇದ್ರೆ ನೀನು," ಅಂದಳು. "ಬೇಗ ಆಗುತ್ತೆ."

ಆಮೇಲೆ ಬೇಗ ಆಯಿತು. ಕೊನೆಗೆ ಒಂದು ಉಳಿಯಿತು. ರಟ್ಟನ್ನು ತೀರ ಮೇಲೆ ಹಿಡಿದು ಮೂಗಿನವರೆಗೂ ಮುಚ್ಚಿತ್ತು; ಹುಬ್ಬಿನ ಮೇಲೆ ಕೂದಲು ಬಿದ್ದಿತ್ತು. ಎರಡು ಕಣ್ಣು ಮಾತ್ರ. "ನೀವೇ," ಎಂದಳು ಚಿಕ್ಕವಳು. "ನೀನೇ ಇರಬೇಕು," ಎಂದಳು ದೊಡ್ಡವಳು. ಯಾವತ್ತು ತೆಗೆದದ್ದೆಂದು ನೋಡಿದ್ದರೆ ತಿಳಿಯುತ್ತಿತ್ತು. ಇಬ್ಬರೂ ನೋಡಲಿಲ್ಲ.

ಪರದೆಯ ಆಚೆಯಿಂದ ಗಂಡನ ದನಿ ಬಂತು. "ಯಾರಾದ್ರೂ ಬನ್ನಿ. ಬೆಳಕು ನೋಡಬೇಕು."

ಚಿಕ್ಕವಳು ಏಳಲು ಹೋಗಿ ದೊಡ್ಡವಳ ಕಡೆ ನೋಡಿದಳು. ದೊಡ್ಡವಳು ಚಿಕ್ಕವಳ ಕಡೆ ನೋಡಿದಳು. ಒಬ್ಬರೂ ಏಳಲಿಲ್ಲ. ಎದ್ದದ್ದು ಅತ್ತೆ. ಕೌಂಟರಿನಿಂದ ಕಾಲೆಳೆಯುತ್ತ ಬಂದು, ಇಬ್ಬರನ್ನೂ ದಾಟಿ, "ನಿಮ್ಮಿಬ್ಬರಿಗೂ ಕೆಲಸ ಇದೆ, ಕೂತ್ಕೊಳ್ಳಿ" ಎನ್ನುತ್ತ ಪರದೆ ಸರಿಸಿ ಒಳಗೆ ಹೋದಳು. ಪರದೆಯ ಕೆಳಗೆ ಅವಳ ಒಡೆದ ಹಿಮ್ಮಡಿಗಳು ಕಟ್ಟೆಯ ಮೇಲೆ ಅಕ್ಕಪಕ್ಕ ಕೂತವು.

"ಗಲ್ಲ ಸ್ವಲ್ಪ ಮೇಲೆ," ಎಂಬುದು ಕೇಳಿಸಿತು. ಆಮೇಲೆ, "ಕತ್ತರಿ ಕೆಳಗಿಡಮ್ಮ."

"ಇರ್ಲಿ, ನೀನು ಒತ್ತು."

ಫ್ಲಾಶಿನ ಬೆಳಕು ಪರದೆಯ ಅಡಿಯಿಂದ ಕೋಣೆಯೊಳಕ್ಕೆ ಬಂದು ಹೋಯಿತು. ಒಳಗೆ ಒತ್ತಿದ್ದು ಇಲ್ಲಿ ಬಂದು ಬೀಳುವ ಹಾಗೆ ಚಿಕ್ಕವಳು ತಂತಿ ಎಳೆಸಿದ್ದಳು. ಆ ಎರಡು ಕಣ್ಣುಗಳ ಮೇಲೆ ಹೊಸ ಚಿತ್ರ ಬಂದು ನಿಂತಿತು. ಬೂದು ರಟ್ಟು, ಅದರ ಪಕ್ಕ ಹೊಳೆಯುವ ಕತ್ತರಿ, ಮೇಲೆ ತುಟಿ ಬಿಗಿಹಿಡಿದು, ಕಣ್ಣು ಮಿಟುಕಿಸಬಾರದೆಂದು ಅಗಲಿಸಿಕೊಂಡು ನೋಡುತ್ತಿರುವ ಒಂದು ಮುಖ. ಸಾಫ್ಟ್‌ವೇರು ಅದರ ಸುತ್ತ ಚೌಕ ಎಳೆದು, ಕೆಳಗೆ ಖಾಲಿ ಜಾಗ ಬಿಟ್ಟು, ಇವರು ಯಾರು ಎಂದು ಕೇಳಿತು.

ದೊಡ್ಡವಳು ಕೀಬೋರ್ಡನ್ನು ತನ್ನ ಮುಂದಿನಿಂದ ಸರಿಸಿ, ಇಬ್ಬರ ನಡುವೆ ಇಟ್ಟಳು.